ಮಾನವ ಸಂಪನ್ಮೂಲ ತರಬೇತಿಗೆ ಬರುವ ವಿದ್ಯಾರ್ಥಿ ಮತ್ತು ಸಣ್ಣ ಉದ್ದಿಮೆಯ ನೇಮಕಾತಿ

ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯ, ಮಂಗಳೂರಿನ ಬೈಕಂಪಾಡಿ ಮೊದಲಾದ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ಪ್ರತಿವರ್ಷವೂ ಕಾಲೇಜಿನ ಶಿಫಾರಸು ಪತ್ರ ಹಿಡಿದ ಎಂ.ಬಿ.ಎ. ವಿದ್ಯಾರ್ಥಿಗಳು ಬರುತ್ತಾರೆ. ಮಾನವ ಸಂಪನ್ಮೂಲ ವಿಷಯವನ್ನು ಆರಿಸಿಕೊಂಡವರಿಗೆ ಕೆಲವು ವಾರಗಳ ಇಂಟರ್ನ್‌ಶಿಪ್ ಮತ್ತು ಅದರ ಮೇಲಿನ ವರದಿ ಪಠ್ಯಕ್ರಮದ ಒಂದು ಭಾಗ. ಇಂಥವರನ್ನು ಸೇರಿಸಿಕೊಳ್ಳುವುದು ಬಹುಮಟ್ಟಿಗೆ ದಾಕ್ಷಿಣ್ಯದ ವಿಷಯವಾಗಿರುತ್ತದೆ. ಪ್ರಾಧ್ಯಾಪಕರು ಪರಿಚಿತರು, ಇಲ್ಲವೇ ವಿದ್ಯಾರ್ಥಿನಿಯ ತಂದೆ ಅದೇ ಪೇಟೆಯ ವರ್ತಕರು. ಮಾಲೀಕರು ಪತ್ರಕ್ಕೆ ರುಜು ಹಾಕಿ, "ಟೈಂ ಆಫೀಸಿನಲ್ಲಿ ಕುಳಿತುಕೊಳ್ಳಮ್ಮ, ಅವರು ಕೆಲಸ ಹೇಳುತ್ತಾರೆ" ಎಂದು ಕಳುಹಿಸಿ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಟೈಂ ಆಫೀಸಿನವರು ಹೇಳುವ ಕೆಲಸವೆಂದರೆ ಹಾಜರಿ ಪುಸ್ತಕದ ಮೊತ್ತ ಹಾಕುವುದು, ಹಳೆಯ ಕಡತಗಳನ್ನು ಜೋಡಿಸುವುದು, ನೆರಳಚ್ಚು ತೆಗೆಯುವುದು. ಅವಧಿ ಮುಗಿದಾಗ ದಪ್ಪ ರಟ್ಟಿನ ವರದಿಯೊಂದು ಮೇಜಿನ ಮೇಲೆ ಬರುತ್ತದೆ. ಮೊದಲ ಮೂವತ್ತು ಪುಟ ಕಂಪನಿಯ ಪರಿಚಯ, ಉಳಿದದ್ದು ಉದ್ಯೋಗಿಗಳ ತೃಪ್ತಿಯ ಸಮೀಕ್ಷೆ ಮತ್ತು ಬಣ್ಣದ ವೃತ್ತಚಿತ್ರಗಳು. ನಲವತ್ತು ಜನ ದುಡಿಯುವ ಘಟಕದಲ್ಲಿ ನೂರು ಉದ್ಯೋಗಿಗಳ ಅಭಿಪ್ರಾಯ ಸಂಗ್ರಹಿಸಿದ ವರದಿಗಳೂ ಉಂಟು. ಉಳಿದ ಅರವತ್ತು ಮಂದಿ ಯಾರೆಂದು ಮಾಲೀಕರೂ ಕೇಳುವುದಿಲ್ಲ, ಪರೀಕ್ಷಕರೂ ಕೇಳುವುದಿಲ್ಲ. ಪ್ರಮಾಣಪತ್ರಕ್ಕೆ ಮೊಹರು ಬೀಳುತ್ತದೆ. ವಿದ್ಯಾರ್ಥಿನಿಗೆ ನೇಮಕಾತಿ ಹೇಗೆ ನಡೆಯುತ್ತದೆಂಬುದು ತಿಳಿಯಲಿಲ್ಲ; ಮಾಲೀಕರಿಗೂ ತಮ್ಮ ನೇಮಕಾತಿ ಏಕೆ ಸರಿಯಾಗಿ ನಡೆಯುತ್ತಿಲ್ಲವೆಂಬುದು ತಿಳಿಯಲಿಲ್ಲ.

ಈ ಎರಡನೆಯ ನಷ್ಟವೇ ಉದ್ದಿಮೆದಾರರು ಯೋಚಿಸಬೇಕಾದದ್ದು. ಪ್ರತ್ಯೇಕ ಸಿಬ್ಬಂದಿ ವಿಭಾಗವನ್ನು ಇಟ್ಟುಕೊಳ್ಳುವ ಶಕ್ತಿ ಸಣ್ಣ ಘಟಕಕ್ಕೆ ಇರುವುದಿಲ್ಲ. ಆದರೆ ಎಂಟು ವಾರಗಳ ಮಟ್ಟಿಗೆ, ಆ ವಿಷಯವನ್ನೇ ಓದಿದ, ಬೇರಾವ ಹೊಣೆಯೂ ಇಲ್ಲದ ಒಬ್ಬ ವ್ಯಕ್ತಿ ತಾನಾಗಿಯೇ ಬಾಗಿಲಿಗೆ ಬಂದಿರುತ್ತಾನೆ ಅಥವಾ ಬಂದಿರುತ್ತಾಳೆ. ಘಟಕದಲ್ಲಿ ಎಂದೂ ಬರವಣಿಗೆಗೆ ಇಳಿಯದ ನೇಮಕಾತಿ ಪದ್ಧತಿಯನ್ನು ಬರವಣಿಗೆಗೆ ಇಳಿಸುವ ಕೆಲಸ ಆ ವ್ಯಕ್ತಿಗೆ ಒಪ್ಪಿಸತಕ್ಕದ್ದು.

ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚ

ತಪ್ಪು ನೇಮಕಾತಿಯ ವೆಚ್ಚಕ್ಕೆ ಯಾವ ಲೆಕ್ಕಪುಸ್ತಕದಲ್ಲಿಯೂ ಪ್ರತ್ಯೇಕ ಶೀರ್ಷಿಕೆ ಇಲ್ಲ. ಅದು ಸಂಬಳದ ಖಾತೆಯಲ್ಲಿ, ಜಾಹೀರಾತು ಖಾತೆಯಲ್ಲಿ, ದುರಸ್ತಿಯಲ್ಲಿ, ಬಡ್ಡಿಯಲ್ಲಿ ಹಂಚಿಹೋಗಿ ಮರೆಯಾಗುತ್ತದೆ. ವರ್ಷಾಂತ್ಯದ ತಾಳೆಪಟ್ಟಿಯನ್ನು ಎಷ್ಟು ಸಲ ತಿರುವಿದರೂ ಅದು ಕಾಣಿಸದು.

ಯಂತ್ರಭಾಗಗಳನ್ನು ತಯಾರಿಸುವ, ಸುಮಾರು ನಲವತ್ತು ಜನರಿರುವ ಒಂದು ಘಟಕವನ್ನು ಉದಾಹರಣೆಗೆ ಭಾವಿಸಿಕೊಳ್ಳಬಹುದು. ತಿಂಗಳಿಗೆ ರೂ. 18,000 ಸಂಬಳಕ್ಕೆ ಸ್ಟೋರ್ಸ್ ಸಹಾಯಕನನ್ನು ನೇಮಿಸಿಕೊಳ್ಳಲಾಯಿತು. ಆತ ಐದನೆಯ ತಿಂಗಳು ಬಿಟ್ಟುಹೋದ. ಮೊದಲ ಎರಡು ತಿಂಗಳು ಕೆಲಸ ಕಲಿಯುವುದರಲ್ಲಿಯೇ ಕಳೆದಿದ್ದರಿಂದ ಆ ಅವಧಿಯ ಸಂಬಳದಲ್ಲಿ ಅರ್ಧ, ಅಂದರೆ ರೂ. 18,000 ಫಲ ಕೊಡಲಿಲ್ಲ. ಹುಡುಕಿಕೊಟ್ಟ ಏಜೆನ್ಸಿಗೆ ಒಂದು ತಿಂಗಳ ಸಂಬಳದಷ್ಟು ಶುಲ್ಕ, ರೂ. 18,000. ರೂ. 32,000 ಸಂಬಳದ ಮೇಲ್ವಿಚಾರಕ ಒಂದು ತಿಂಗಳ ಕಾಲು ಭಾಗವನ್ನು ಈತನಿಗೆ ಕೆಲಸ ಹೇಳಿಕೊಡಲು ವ್ಯಯಿಸಿದ್ದರೆ ರೂ. 8,000. ಜಾಗ ಖಾಲಿ ಬಿದ್ದಾಗ ಇನ್ನೊಬ್ಬನಿಗೆ ದುಪ್ಪಟ್ಟು ದರದಲ್ಲಿ ಕೊಟ್ಟ ಓವರ್‌ಟೈಂ ರೂ. 6,000. ಇಲ್ಲಿಗೆ ರೂ. 50,000 ಆಯಿತು.

ಇನ್ನೂ ದೊಡ್ಡದೊಂದು ಬಾಬು ಇದೆ. ಸಣ್ಣ ಘಟಕಗಳಲ್ಲಿ ಕಚ್ಚಾ ಸಾಮಗ್ರಿ ಜಾಬ್ ವರ್ಕ್‌ಗಾಗಿ ಹೊರಗೆ ಹೋಗುತ್ತಿರುತ್ತದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೆಯ ಕಲಮಿನಂತೆ ಹೀಗೆ ಹೋದ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲವಾದರೆ ಹೊರಗೆ ಹೋದ ದಿನವೇ ಅದನ್ನು ಪೂರೈಕೆ ಮಾಡಿದಂತೆ ಎಣಿಸಿ ತೆರಿಗೆ ವಿಧಿಸಲಾಗುತ್ತದೆ. ಯಂತ್ರಾದಿ ಬಂಡವಾಳ ಸರಕುಗಳಿಗೆ ಮೂರು ವರ್ಷಗಳ ಅವಕಾಶ ಉಂಟು. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್‌ಗಳಿಗೆ ಈ ಕಾಲಮಿತಿ ಅನ್ವಯಿಸದು. ನಮ್ಮ ಉದಾಹರಣೆಯ ಸಹಾಯಕನಿಗೆ ಹೋದ ಚಲನ್ ಮತ್ತು ಬಂದ ಚಲನ್ ಎರಡನ್ನೂ ತಾಳೆ ನೋಡುವ ಅಭ್ಯಾಸವೇ ಇರಲಿಲ್ಲ. ರೂ. 4 ಲಕ್ಷದ ಉಕ್ಕಿಗೆ ಲೆಕ್ಕ ಸಿಗದೆ ಹೋದರೆ ಶೇ. 18ರಂತೆ ತೆರಿಗೆ ರೂ. 72,000, ಅದರ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ ರೂ. 12,960. ಎಲ್ಲ ಸೇರಿ ಸುಮಾರು ರೂ. 1,35,000. ಆತ ಪಡೆದ ಒಟ್ಟು ಸಂಬಳವಾದರೋ ರೂ. 72,000 ಮಾತ್ರ.

ಮೂರು ಕೊಟೇಶನ್ನಿನ ನಿಯಮ

ಕನ್ನಡದಲ್ಲಿ 'ನೇಮಕಾತಿ' ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಅಡಗಿಹೋಗುತ್ತದೆ. ಇದರಿಂದ ಒಂದು ತೊಂದರೆಯೂ ಉಂಟಾಗಿದೆ. ಅರ್ಹರನ್ನು ಹುಡುಕಿ ಕಲೆಹಾಕುವುದು ಒಂದು ಕಾರ್ಯ. ಕಲೆಹಾಕಿದವರಲ್ಲಿ ಒಬ್ಬರನ್ನು ಆರಿಸುವುದು ಬೇರೊಂದು ಕಾರ್ಯ. ಆರಿಸಿದವರಿಗೆ ಷರತ್ತುಗಳನ್ನು ತಿಳಿಸಿ ಕೆಲಸಕ್ಕೆ ಹಚ್ಚುವುದು ಮೂರನೆಯದು. ಇವು ಬೇರೆ ಬೇರೆ ಎಂಬುದು ಮಾನವ ಸಂಪನ್ಮೂಲ ಪಠ್ಯಪುಸ್ತಕದ ಮೊದಲ ಪಾಠ. ಆದರೆ ವರ್ತಕನಿಗೆ ಇದನ್ನು ಪಠ್ಯಪುಸ್ತಕದಿಂದ ಕಲಿಸಬೇಕಾಗಿಲ್ಲ. ಖರೀದಿಯಲ್ಲಿ ಆತ ಇದನ್ನು ನಿತ್ಯ ಮಾಡುತ್ತಾನೆ: ಮೊದಲು ಕೊಟೇಶನ್ ತರಿಸುತ್ತಾನೆ, ಬಳಿಕ ತುಲನಾ ಪಟ್ಟಿ ತಯಾರಿಸುತ್ತಾನೆ, ಆಮೇಲೆ ಖರೀದಿ ಆದೇಶ ಕೊಡುತ್ತಾನೆ. ಇಪ್ಪತ್ತು ಸಾವಿರ ರೂಪಾಯಿಯ ಸಾಮಗ್ರಿಗೆ ಮೂರು ಕೊಟೇಶನ್ ಕೇಳುವ ಮಾಲೀಕರೇ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿದ ಸಂಬಳದ ಹುದ್ದೆಗೆ ಒಬ್ಬನೇ ಅಭ್ಯರ್ಥಿಯನ್ನು, ಒಬ್ಬರ ಮಾತಿನ ಮೇಲೆ, ಹತ್ತು ನಿಮಿಷದಲ್ಲಿ ನಿಶ್ಚಯಿಸಿಬಿಡುತ್ತಾರೆ. "ಹುಡುಗ ಒಳ್ಳೆಯವನು, ನಮ್ಮ ಕಡೆಯವನು" ಎಂಬುದು ಕೊಟೇಶನ್ನೂ ಹೌದು, ತುಲನಾ ಪಟ್ಟಿಯೂ ಹೌದು.

ತರಬೇತಿಗೆ ಬಂದ ವಿದ್ಯಾರ್ಥಿನಿಗೆ ಈ ಒಂದು ಹುದ್ದೆಯನ್ನು, ಅಂದರೆ ಸ್ಟೋರ್ಸ್ ಸಹಾಯಕನ ಸ್ಥಾನವನ್ನು ತುಂಬುವ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ನೋಡಲು, ಬರೆಯಲು ಬಿಟ್ಟರೆ ಏನಾಗುತ್ತದೆಂಬುದನ್ನು ಇನ್ನು ಪರಿಶೀಲಿಸಬಹುದು.

ಮೊದಲ ವಾರ ಸ್ಟೋರ್ಸಿನಲ್ಲಿ

ಮಾಲೀಕರನ್ನು ಕೇಳಿದರೆ ದೊರೆಯುವ ಅರ್ಹತೆಯ ವಿವರ ಸಾಮಾನ್ಯವಾಗಿ ಒಂದೇ ಸಾಲಿನದು: ಬಿ.ಕಾಂ., ಎರಡು ವರ್ಷ ಅನುಭವ, ಟ್ಯಾಲಿ ಬರಬೇಕು. ಇದನ್ನೇ ಜಾಹೀರಾತಿಗೆ ಕಳುಹಿಸುವುದು ರೂಢಿ. ವಿದ್ಯಾರ್ಥಿನಿ ಹಾಗೆ ಮಾಡದೆ ಮೊದಲ ವಾರ ಪೂರ್ತಿ ಸ್ಟೋರ್ಸಿನ ಮೂಲೆಯಲ್ಲಿ ಕುಳಿತು, ಅಲ್ಲಿ ನಡೆಯುವುದನ್ನು ಗಂಟೆಗಂಟೆಗೂ ಬರೆದುಕೊಳ್ಳತಕ್ಕದ್ದು.

ಅಲ್ಲಿ ಕಾಣುವುದು ಬೇರೆಯೇ. ಬೆಳಿಗ್ಗೆ ಲಾರಿ ಬಂದಾಗ ಸರಕನ್ನು ಖರೀದಿ ಆದೇಶದೊಂದಿಗೆ ತಾಳೆ ನೋಡಬೇಕು, ತೂಕ ಹಾಕಿಸಬೇಕು, ಸರಳಿನ ವ್ಯಾಸವನ್ನು ವರ್ನಿಯರ್‌ನಿಂದ ಅಳೆಯಬೇಕು. ಪಾಳಿಯ ಆರಂಭದಲ್ಲಿ ಹತ್ತು ಜನ ಒಟ್ಟಿಗೆ ಬಂದು ಟೂಲ್ ಬಿಟ್ ಕೇಳುತ್ತಾರೆ. ಚೀಟಿ ಇಲ್ಲದೆ ಕೊಡಬಾರದು, ಕೊಡದಿದ್ದರೆ ಯಂತ್ರ ನಿಲ್ಲುತ್ತದೆ. ಹಿರಿಯ ಕಾರ್ಮಿಕನೊಬ್ಬ ಗದರಿದಾಗಲೂ "ಚೀಟಿ ತನ್ನಿ ಅಣ್ಣಾ" ಎಂದು ಸಮಾಧಾನದಿಂದ ಹೇಳುವ ಗಟ್ಟಿತನ ಬೇಕು. ಜಾಬ್ ವರ್ಕ್‌ಗೆ ಹೋದ ಚಲನ್‌ಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು ಬಾಕಿ ತೆಗೆಯಬೇಕು. ಅದರ ಆಧಾರದ ಮೇಲೆಯೇ ಐಟಿಸಿ-04 ನಮೂನೆ ಸಲ್ಲಿಕೆಯಾಗುತ್ತದೆ. ಇಡೀ ದಿನದಲ್ಲಿ ಟ್ಯಾಲಿಯ ಮುಂದೆ ಕುಳಿತದ್ದು ಅರ್ಧ ಗಂಟೆ. ಬಿ.ಕಾಂ. ಪದವಿಯ ಅಗತ್ಯ ಎಲ್ಲಿಯೂ ಕಾಣಲಿಲ್ಲ.

ಹೀಗೆ ಬರೆದ ಒಂದೂವರೆ ಪುಟದ ಕಾರ್ಯವಿವರಣೆಯೇ ಇಡೀ ಇಂಟರ್ನ್‌ಶಿಪ್‌ನ ಅತ್ಯಂತ ಬೆಲೆಬಾಳುವ ಕಾಗದ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್ ತರಬೇತಿಗೆ ಬಂದ ವಿದ್ಯಾರ್ಥಿಯನ್ನು ಮೊದಲು ವೋಚರುಗಳ ಮುಂದೆ ಕೂರಿಸುವುದು ಇದೇ ಕಾರಣಕ್ಕೆ. ಮೂರು ವರ್ಷಗಳಿದ್ದ ಆ ತರಬೇತಿ 2023ರ ಹೊಸ ಯೋಜನೆಯಲ್ಲಿ ಎರಡು ವರ್ಷಕ್ಕೆ ಇಳಿದಿದೆಯಾದರೂ ವೋಚರು ನೋಡದೆ ಆಯವ್ಯಯ ಪಟ್ಟಿ ಅರ್ಥವಾಗದು ಎಂಬ ನಿಯಮ ಬದಲಾಗಿಲ್ಲ. ಹುದ್ದೆಯನ್ನು ಕಣ್ಣಾರೆ ನೋಡದವರು ಅಭ್ಯರ್ಥಿಯನ್ನು ತೂಗಲಾರರು.

ಅಭ್ಯರ್ಥಿಗಳು ಬರುವ ದಾರಿ

ಸಣ್ಣ ಘಟಕಗಳಿಗೆ ಜನ ಬರುವುದು ಹೆಚ್ಚಾಗಿ ಇರುವ ಕಾರ್ಮಿಕರ ಪರಿಚಯದಿಂದ. ಇದನ್ನು ಪೂರ್ತಿ ತಪ್ಪೆನ್ನುವಂತಿಲ್ಲ. ಖರ್ಚಿಲ್ಲ, ಕರೆತಂದವನಿಗೆ ತನ್ನ ಮಾತು ಉಳಿಸಿಕೊಳ್ಳುವ ಕಾಳಜಿ ಇರುತ್ತದೆ, ಬಂದವನಿಗೂ ಕೆಲಸದ ಸ್ವರೂಪ ಮೊದಲೇ ತಿಳಿದಿರುತ್ತದೆ. ಕೊರತೆಯೆಂದರೆ, ಒಂದೇ ಊರಿನ, ಒಂದೇ ಬಳಗದ ಜನ ಒಂದು ವಿಭಾಗದಲ್ಲಿ ತುಂಬಿಕೊಂಡಾಗ ಊರಿನ ಜಾತ್ರೆಯ ದಿನ ಇಡೀ ವಿಭಾಗ ಖಾಲಿಯಾಗುತ್ತದೆ. ಸ್ಟೋರ್ಸಿನವನೂ ಭದ್ರತೆಯವನೂ ಬಂಧುಗಳಾಗಿದ್ದರೆ ಆಂತರಿಕ ನಿಯಂತ್ರಣವೆಂಬುದು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಆದುದರಿಂದ ಪರಿಚಯದಿಂದ ಬಂದವರನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಹೊರಗಿನಿಂದ ಬಂದವರಿಗೆ ಇಟ್ಟ ಪರೀಕ್ಷೆಯನ್ನೇ ಅವರಿಗೂ ಇಡತಕ್ಕದ್ದು.

ಉಳಿದ ದಾರಿಗಳೆಂದರೆ ಐ.ಟಿ.ಐ., ಪಾಲಿಟೆಕ್ನಿಕ್, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಉದ್ಯೋಗ ವಿನಿಮಯ ಕಚೇರಿ, 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣ, ಪತ್ರಿಕೆಯ ಸ್ಥಳೀಯ ಜಾಹೀರಾತು, ಏಜೆನ್ಸಿ. ಮತ್ತೊಂದನ್ನು ಮಾಲೀಕರು ಸದಾ ಮರೆಯುತ್ತಾರೆ: ಘಟಕದಲ್ಲಿಯೇ ಇರುವ ಸಹಾಯಕರು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಐದು ವರ್ಷದಿಂದ ಸಾಮಗ್ರಿ ಹೊತ್ತು ಹಾಕುತ್ತಿರುವ, ಪಿ.ಯು.ಸಿ. ಓದಿದ ಹುಡುಗನಿಗೆ ಯಾವ ಸರಳು ಎಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಆತನಿಗೂ ಅರ್ಜಿ ಹಾಕುವ ಅವಕಾಶವಿದೆ ಎಂದು ಸೂಚನಾ ಫಲಕದಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು.

ವಿದ್ಯಾರ್ಥಿನಿ ಇಲ್ಲಿ ಒಂದು ಸರಳ ರಿಜಿಸ್ಟರ್ ತೆರೆಯಬೇಕು. ಅಭ್ಯರ್ಥಿಯ ಹೆಸರು, ಯಾವ ದಾರಿಯಿಂದ ಬಂದರು, ಕರೆ ಮಾಡಿದ ದಿನ, ಬಂದರೋ ಇಲ್ಲವೋ, ಫಲಿತಾಂಶ. ಪಠ್ಯಪುಸ್ತಕ ಹೇಳದ ಸಂಗತಿಯೊಂದನ್ನು ಈ ರಿಜಿಸ್ಟರ್ ಅವಳಿಗೆ ಕಲಿಸುತ್ತದೆ: ಬಯೋಡೇಟಾ ಬಂದವರೆಲ್ಲ ಅಭ್ಯರ್ಥಿಗಳಲ್ಲ. ಕರೆ ಮಾಡಿದರೆ ಕೆಲವರು ಎತ್ತುವುದಿಲ್ಲ. ಎತ್ತಿದವರಲ್ಲಿ ಕೆಲವರಿಗೆ ದೂರವೆನಿಸುತ್ತದೆ. ಬರುತ್ತೇನೆಂದವರಲ್ಲಿ ಎಲ್ಲರೂ ಬರುವುದಿಲ್ಲ. ಕೊನೆಗೆ ಎದುರು ಕುಳಿತುಕೊಳ್ಳಲು ಐವರು ಬೇಕಿದ್ದರೆ ಆರಂಭದಲ್ಲಿ ಎಷ್ಟು ಜನ ಬೇಕು ಎಂಬ ಅಂದಾಜು ಇಂಥ ದಾಖಲೆಯಿಂದ ಮಾತ್ರ ಹುಟ್ಟುತ್ತದೆ. ಅರ್ಜಿಗಳನ್ನು ತೆರೆಯುವ ಮೊದಲೇ ಕಡ್ಡಾಯ ಅರ್ಹತೆ ಯಾವುದು, ಇದ್ದರೆ ಒಳ್ಳೆಯದೆನ್ನುವುದು ಯಾವುದು ಎಂದು ಬರೆದು ಮಾಲೀಕರ ರುಜು ಪಡೆಯುವುದು ಅವಶ್ಯ. ಅರ್ಜಿ ನೋಡಿದ ಮೇಲೆ ಬರೆದ ಅರ್ಹತೆ ಮನಸ್ಸಿಗೆ ಹಿಡಿಸಿದವನ ಅಳತೆಗೆ ಹೊಲಿದ ಅಂಗಿಯಾಗುತ್ತದೆ.

ಅರ್ಧ ಗಂಟೆಯ ಪರೀಕ್ಷೆ, ಅರ್ಧ ಗಂಟೆಯ ಸಂದರ್ಶನ

ಆಯ್ಕೆಯ ಯಾವ ವಿಧಾನ ಮುಂದಿನ ಕೆಲಸವನ್ನು ಸರಿಯಾಗಿ ಸೂಚಿಸುತ್ತದೆ ಎಂಬುದರ ಬಗ್ಗೆ ದೀರ್ಘಕಾಲದ ಸಂಶೋಧನೆ ನಡೆದಿದೆ. ಅಮೆರಿಕದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಕ್ರೋಡೀಕರಿಸಿದರು. ಆಯ್ಕೆಯ ಅಂಕಕ್ಕೂ ಮುಂದಿನ ಕೆಲಸಕ್ಕೂ ಸಂಬಂಧವೇ ಇಲ್ಲದಿದ್ದರೆ 0, ಪರಿಪೂರ್ಣ ಸಂಬಂಧವಿದ್ದರೆ 1 ಎಂಬ ಅಳತೆಯಲ್ಲಿ, ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವ ಪರೀಕ್ಷೆಗೆ 0.54, ಎಲ್ಲರಿಗೂ ಒಂದೇ ಪ್ರಶ್ನೆಗಳಿರುವ ಪೂರ್ವಯೋಜಿತ ಸಂದರ್ಶನಕ್ಕೆ 0.51, ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕೆ 0.38, ಅನುಭವದ ವರ್ಷಗಳಿಗೆ ಕೇವಲ 0.18 ದೊರೆಯಿತು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಈ ಗಣನೆಯನ್ನು ಪರಿಷ್ಕರಿಸಿ, ಹಿಂದಿನ ಅಂಕಿಗಳು ಹೆಚ್ಚಾಗಿದ್ದವೆಂದು ತೋರಿಸಿದರು. ಪರಿಷ್ಕೃತ ಲೆಕ್ಕದಲ್ಲಿ ಪೂರ್ವಯೋಜಿತ ಸಂದರ್ಶನ 0.42, ಕೆಲಸದ ಮಾದರಿ 0.33, ಯೋಜನೆಯಿಲ್ಲದ ಸಂದರ್ಶನ 0.19, ಅನುಭವದ ವರ್ಷಗಳು 0.07. ಯಾವ ವಿಧಾನವೂ ಭವಿಷ್ಯವನ್ನು ಹೇಳಲಾರದು ಎಂಬುದು ಒಂದು ಪಾಠ. ಆದರೆ ಜಾಹೀರಾತಿನಲ್ಲಿ ಎಲ್ಲರೂ ತಪ್ಪದೆ ಬರೆಯುವ 'ಎರಡು ವರ್ಷ ಅನುಭವ' ಪಟ್ಟಿಯ ತಳದಲ್ಲಿದೆ, ಎಲ್ಲರೂ ನಡೆಸುವ ಹರಟೆಯ ಸಂದರ್ಶನವೂ ಕೆಳಗೇ ಇದೆ ಎಂಬುದು ಸಣ್ಣ ಉದ್ದಿಮೆದಾರರಿಗೆ ಹೆಚ್ಚು ಮುಖ್ಯ.

ನಮ್ಮ ಹುದ್ದೆಗೆ ಪರೀಕ್ಷೆ ತಯಾರಿಸುವುದು ಕಷ್ಟವಲ್ಲ. ಒಂದು ಖರೀದಿ ಆದೇಶ, ಮೂರು ಚಲನ್, ಒಂದು ಇನ್‌ವಾಯ್ಸ್ ಕೊಡುವುದು. ಅವುಗಳಲ್ಲಿ ಎರಡು ತಪ್ಪುಗಳನ್ನು ಬೇಕೆಂದೇ ಇಟ್ಟಿರುವುದು. ಒಂದು ಬಿನ್ ಕಾರ್ಡ್ ಕೊಟ್ಟು ಎಂಟು ನಮೂದುಗಳನ್ನು ಏರಿಸಿ ಬಾಕಿ ತೆಗೆಯಲು ಹೇಳುವುದು. ವರ್ನಿಯರ್ ಕೈಗಿತ್ತು ಎರಡು ಸರಳುಗಳ ವ್ಯಾಸ ಓದಿಸುವುದು. ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷದ ಅನುಭವ ಹೇಳಿಕೊಂಡವನು ಎರಡೂ ತಪ್ಪುಗಳನ್ನು ಕಾಣದೆ ಹೋಗುವುದು, ಅನುಭವವೇ ಇಲ್ಲದವಳು ಹತ್ತೇ ನಿಮಿಷದಲ್ಲಿ ಎರಡನ್ನೂ ಗುರುತಿಸುವುದು, ಎರಡೂ ಸಾಧ್ಯ.

ಸಂದರ್ಶನಕ್ಕೆ ಕಾರ್ಯವಿವರಣೆಯಿಂದಲೇ ಐದಾರು ಪ್ರಶ್ನೆಗಳನ್ನು ಎತ್ತಿಕೊಳ್ಳತಕ್ಕದ್ದು. "ಚೀಟಿಯಿಲ್ಲದೆ ಹಿರಿಯರೊಬ್ಬರು ಸಾಮಾನು ಕೇಳಿದರೆ ಏನು ಮಾಡುತ್ತೀರಿ?", "ತೂಕದಲ್ಲಿ ಹತ್ತು ಕಿಲೋ ಕಡಿಮೆ ಬಂದಿದೆ, ಲಾರಿಯವನು ಅವಸರಪಡಿಸುತ್ತಿದ್ದಾನೆ, ಆಗ?" ಎಂಬಂಥವು. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಮಾಲೀಕರು, ಮೇಲ್ವಿಚಾರಕರು ತಮ್ಮ ತಮ್ಮ ಹಾಳೆಯಲ್ಲಿ ಪ್ರತಿ ಉತ್ತರಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಿ, ಆ ಬಳಿಕವೇ ಪರಸ್ಪರ ಮಾತನಾಡಬೇಕು. ಮೊದಲೇ ಮಾತನಾಡಿದರೆ ಮಾಲೀಕರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗುತ್ತದೆ; ಸಂಬಳ ಕೊಡುವವರ ಎದುರು ಮೇಲ್ವಿಚಾರಕ ಬೇರೆ ಮಾತಾಡುವುದು ಅಪರೂಪ.

ಕೇಳಬಾರದ ಪ್ರಶ್ನೆಗಳನ್ನೂ ವಿದ್ಯಾರ್ಥಿನಿ ಇಲ್ಲಿ ಕಲಿಯುತ್ತಾಳೆ. ಹೆಣ್ಣುಮಕ್ಕಳಿಗೆ "ಮದುವೆ ಯಾವಾಗ, ಆಮೇಲೆ ಬಿಟ್ಟುಹೋಗುವುದಿಲ್ಲ ತಾನೆ?" ಎಂದು ಕೇಳುವುದು ಹಲವರ ದೃಷ್ಟಿಯಲ್ಲಿ ಅಕ್ಕರೆಯ ವಿಚಾರಣೆ. ಆದರೆ ನೇಮಕಾತಿಯಲ್ಲಿ ಲಿಂಗಭೇದವನ್ನು 1976ರ ಸಮಾನ ವೇತನ ಕಾಯಿದೆ ನಿಷೇಧಿಸಿತ್ತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ನಿಷೇಧಿಸುತ್ತದೆ. ಐವರು ಗಂಡಸರಿಗೆ ಕೇಳದ ಪ್ರಶ್ನೆಯನ್ನು ಒಬ್ಬ ಹೆಂಗಸಿಗೆ ಕೇಳಿದರೆ ಒಂದೇ ಅಂಕಪಟ್ಟಿಯಲ್ಲಿ ತೂಗುವ ಪದ್ಧತಿಯೂ ಮುರಿದುಬೀಳುತ್ತದೆ.

ಹಿಂದಿನ ಮಾಲೀಕರನ್ನು ವಿಚಾರಿಸುವ ಕೆಲಸವನ್ನು ಅಭ್ಯರ್ಥಿಯ ಒಪ್ಪಿಗೆ ಪಡೆದು, ಆಯ್ಕೆ ಬಹುತೇಕ ನಿಶ್ಚಿತವಾದ ಮೇಲೆ ಮಾಡಬೇಕು. ಈಗಿರುವ ಕೆಲಸದ ಸ್ಥಳಕ್ಕೆ ಅವಸರದಿಂದ ಕರೆ ಮಾಡಿದರೆ ಆತನ ಇದ್ದ ಕೆಲಸಕ್ಕೂ ಸಂಚಕಾರ ಬಂದೀತು. ಭವಿಷ್ಯ ನಿಧಿಯ ಯು.ಎ.ಎನ್. ಇದ್ದವರಲ್ಲಿ ಹಿಂದಿನ ಸೇವಾವಧಿಯ ದಿನಾಂಕಗಳು ಅದರ ದಾಖಲೆಯಲ್ಲಿಯೇ ದೊರೆಯುತ್ತವೆ. ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: "ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ?" ಉತ್ತರಕ್ಕೆ ಮೊದಲು ಬರುವ ಮೌನವನ್ನೂ ಗಮನಿಸತಕ್ಕದ್ದು.

ನೇಮಕ ಪತ್ರ

ಬಾಯಿಮಾತಿನ ನೇಮಕದ ಕಾಲ ಮುಗಿದಿದೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯು ಪ್ರತಿ ಉದ್ಯೋಗಿಗೂ ನೇಮಕ ಪತ್ರ ಕೊಡುವುದನ್ನು ಮಾಲೀಕರ ಕರ್ತವ್ಯವೆಂದು ವಿಧಿಸಿದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಇದು ಹೊಸತೇನಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ನೇಮಕ ಪತ್ರಕ್ಕೆ 'ಕ್ಯೂ' ನಮೂನೆ ಮೊದಲಿನಿಂದ ಇದೆ, ಪಾಲಿಸಿದವರು ಕಡಿಮೆ. ಹುದ್ದೆಯ ಹೆಸರು, ಸೇರಿದ ದಿನ, ವೇತನದ ವಿಂಗಡಣೆ, ಪರೀಕ್ಷಾರ್ಥ ಅವಧಿ, ರಾಜೀನಾಮೆಯ ಮುನ್ಸೂಚನೆ, ಇವಿಷ್ಟನ್ನು ಅಭ್ಯರ್ಥಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಮಾದರಿ ಪತ್ರವೊಂದನ್ನು ವಿದ್ಯಾರ್ಥಿನಿ ತಯಾರಿಸಿ, ಕಾರ್ಮಿಕ ಕಾನೂನು ಬಲ್ಲವರಿಗೆ ತೋರಿಸಿ ಕಡತದಲ್ಲಿಟ್ಟರೆ ಮುಂದೆ ಪ್ರತಿ ನೇಮಕಕ್ಕೂ ಅದೇ ಆಧಾರವಾಗುತ್ತದೆ. ಕಾರ್ಯವಿವರಣೆಯನ್ನು ಅದಕ್ಕೆ ಲಗತ್ತಿಸುವುದು ಮೇಲು. "ಇದು ನನ್ನ ಕೆಲಸವೆಂದು ಯಾರೂ ಹೇಳಲಿಲ್ಲ" ಎಂಬ ಮಾತಿಗೆ ಆಗ ಎಡೆಯಿರುವುದಿಲ್ಲ.

ವಿದ್ಯಾರ್ಥಿಯ ಸ್ಥಾನಮಾನ

ಇಂಟರ್ನ್ ಎಂಬ ಹೆಸರಿನ ಬಗ್ಗೆ ಹಲವು ಘಟಕಗಳಲ್ಲಿ ಅಪಾಯಕರವಾದ ಅಸ್ಪಷ್ಟತೆ ಇದೆ. ಕಾಲೇಜಿನ ಪತ್ರದೊಂದಿಗೆ, ನಿಗದಿತ ವಾರಗಳಿಗೆ, ಪಠ್ಯಕ್ರಮದ ಅಂಗವಾಗಿ ಬಂದವರು ಒಂದು ವರ್ಗ. 1961ರ ಅಪ್ರೆಂಟಿಸ್ ಕಾಯಿದೆಯಡಿ ಕರಾರು ನೋಂದಾಯಿಸಿ ಸೇರಿಸಿಕೊಂಡವರು ಇನ್ನೊಂದು ವರ್ಗ. ಆ ಕಾಯಿದೆಯ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವ ಸಂಸ್ಥೆಗಳಿಗೆ ಅದು ಐಚ್ಛಿಕ. ನಮ್ಮ ಉದಾಹರಣೆಯ ನಲವತ್ತು ಜನರ ಘಟಕವೂ ಕಡ್ಡಾಯದ ವ್ಯಾಪ್ತಿಯಲ್ಲಿದೆ ಎಂಬುದನ್ನು ಗಮನಿಸಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25, ಗರಿಷ್ಠ ತಿಂಗಳಿಗೆ ರೂ. 1,500, ಸರ್ಕಾರದ ಪಾಲು. ಇನ್ನು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ದೊಡ್ಡ ಕಂಪನಿಗಳಿಗಾಗಿ ರೂಪಿತವಾದದ್ದು. ಪತ್ರಿಕೆಯಲ್ಲಿ ಓದಿ ಅದರ ನೆರವು ತಮಗೂ ಬಂದೀತೆಂದು ಸಣ್ಣ ಘಟಕದವರು ಕಾಯಬೇಕಾಗಿಲ್ಲ.

ಮೂರನೆಯ ವರ್ಗವೇ ತೊಂದರೆಯದು: ವಾಸ್ತವವಾಗಿ ಉದ್ಯೋಗಿ, ಹೆಸರಿಗೆ ಮಾತ್ರ ಟ್ರೈನಿ. ಲೇತ್ ನಡೆಸುವವನನ್ನು ಎರಡು ವರ್ಷ ಟ್ರೈನಿ ಎಂದು ಇಟ್ಟುಕೊಂಡು ಭವಿಷ್ಯ ನಿಧಿ, ರಾಜ್ಯ ವಿಮೆ ತಪ್ಪಿಸುವ ಉಪಾಯ ಬಹಳ ಹಳೆಯದು. ಅಧಿಕಾರಿಗಳು ನೋಡುವುದು ಹೆಸರನ್ನಲ್ಲ, ಕೆಲಸವನ್ನು. ಅಪ್ರೆಂಟಿಸ್ ಕಾಯಿದೆಯಡಿ ನೋಂದಾಯಿತರಾದವರಿಗೆ ಇರುವ ವಿನಾಯಿತಿ ಹೀಗೆ ಹೆಸರಿಟ್ಟುಕೊಂಡವರಿಗೆ ದೊರೆಯುವುದಿಲ್ಲ. ಹಿಂದಿನ ವಂತಿಗೆ, ಬಡ್ಡಿ, ದಂಡ ಒಟ್ಟಿಗೆ ಬಂದು ಬೀಳುತ್ತವೆ.

ಮೊದಲ ವರ್ಗದ ವಿದ್ಯಾರ್ಥಿಗೂ ಕೆಲವು ಕಾಗದಗಳು ಅಗತ್ಯ. ಕಾಲೇಜಿನ ಪತ್ರ, ಅವಧಿ ಮತ್ತು ಕೆಲಸವನ್ನು ನಮೂದಿಸಿದ ಅನುಮತಿ ಪತ್ರ, ಗೋಪ್ಯತೆಯ ಮುಚ್ಚಳಿಕೆ. ಸ್ಟೈಪೆಂಡ್ ಕೊಡುವುದಾದರೆ ಬ್ಯಾಂಕ್ ಮೂಲಕವೇ ಕೊಡತಕ್ಕದ್ದು; ಚಿಲ್ಲರೆ ಖರ್ಚಿನ ಪುಸ್ತಕದಿಂದ ನಗದು ತೆಗೆದು ಕೊಡುವುದು ಒಳ್ಳೆಯ ರೂಢಿಯಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಲ್ಲಿ 'ಉದ್ಯೋಗಿ' ಎಂಬ ಪದದೊಳಗೆ ತರಬೇತಿಯಲ್ಲಿರುವವರೂ ಸೇರುತ್ತಾರೆ. ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ವಿದ್ಯಾರ್ಥಿನಿ ಸೇರಿದ ದಿನವೇ ಸಮಿತಿಯ ಸದಸ್ಯರು ಯಾರೆಂದು ಅವಳಿಗೆ ತಿಳಿಸುವುದು ಮಾಲೀಕರ ಹೊಣೆ. ಸಮಿತಿಯೇ ಇಲ್ಲದಿದ್ದರೆ ಅವಳು ಬರುವ ಮೊದಲೇ ಅದನ್ನು ರಚಿಸುವುದು ಲೇಸು.

ಅವಳಿಗೆ ಒಪ್ಪಿಸಬಾರದ ಕೆಲಸಗಳೂ ಇವೆ. ಆಯ್ಕೆಯ ನಿರ್ಣಯ ಅವಳದಲ್ಲ. ಸಂಬಳದ ಬಗ್ಗೆ ಅಭ್ಯರ್ಥಿಗೆ ಭರವಸೆ ಕೊಡುವುದು ಅವಳ ಕೆಲಸವಲ್ಲ; ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿ ಸೌಜನ್ಯಕ್ಕಾಗಿ ಹೇಳಿದ "ಸರ್ ಇಪ್ಪತ್ತರವರೆಗೂ ಕೊಡಬಹುದು" ಎಂಬ ಒಂದು ಮಾತು ಆಮೇಲೆ ಚೌಕಾಸಿಯ ಮೂಲವಾಗುತ್ತದೆ. ಇತರರ ವೇತನಪಟ್ಟಿ ಅವಳ ಕೈಗೆ ಹೋಗಬಾರದು. ಆಯ್ಕೆಯಾಗದವರ ಬಯೋಡೇಟಾ, ಆಧಾರ್ ಪ್ರತಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಡುವ ಅಭ್ಯಾಸವೂ ನಿಲ್ಲಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವ ವ್ಯವಸ್ಥೆಯಿದೆ. ಗಣಕದಲ್ಲಿ, ಮೊಬೈಲಿನಲ್ಲಿ ಬಂದ ಅರ್ಜಿಗಳಿಗೆ ಅದು ಅನ್ವಯಿಸುತ್ತದೆ. ಆಧಾರ್ ಪ್ರತಿಯನ್ನು ಆಯ್ಕೆಯಾದವರಿಂದ ಮಾತ್ರ ಪಡೆದರೆ ಅರ್ಧ ಸಮಸ್ಯೆ ಆಗಲೇ ಕಳೆಯಿತು. ಆಯ್ಕೆಯಾಗದವರಿಗೆ ಎರಡು ಸಾಲಿನ ಸಂದೇಶ ಕಳುಹಿಸುವುದನ್ನು ಮಾತ್ರ ಅವಳಿಗೇ ವಹಿಸಬಹುದು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಅಷ್ಟಾದರೂ ಸಲ್ಲಬೇಕು.

ಎಂಟನೆಯ ವಾರ ಅವಳು ಕಾಲೇಜಿಗೆ ಒಪ್ಪಿಸುವ ವರದಿಯಲ್ಲಿ ತೃಪ್ತಿಯ ಸಮೀಕ್ಷೆಗೆ ಬದಲಾಗಿ ಕಾರ್ಯವಿವರಣೆ, ಅಭ್ಯರ್ಥಿಗಳ ಹೆಸರು ತೆಗೆದ ರಿಜಿಸ್ಟರಿನ ಸಾರಾಂಶ, ಪರೀಕ್ಷೆಯ ಮಾದರಿ ಮತ್ತು ಅಂಕಪಟ್ಟಿ, ನೇಮಕ ಪತ್ರದ ನಮೂನೆ ಇರುತ್ತವೆ. ಇವನ್ನು ಒಪ್ಪುವಂತೆ ಪ್ರಾಧ್ಯಾಪಕರೊಂದಿಗೆ ಮಾಲೀಕರೇ ಆರಂಭದಲ್ಲಿ ಒಮ್ಮೆ ಮಾತನಾಡಿಕೊಳ್ಳುವುದು ಒಳಿತು. ಇಲ್ಲದಿದ್ದರೆ ನೂರು ಮಂದಿಯ ಸಮೀಕ್ಷೆಯ ಒತ್ತಾಯ ಕೊನೆಯ ವಾರ ಮತ್ತೆ ಬಂದೇ ಬರುತ್ತದೆ.

ಅಂಕಪಟ್ಟಿಯಲ್ಲಿ ಎರಡು ಅಂಕಣಗಳು ಮಾತ್ರ ಖಾಲಿ ಉಳಿದಿರುತ್ತವೆ: ಮೂರನೆಯ ತಿಂಗಳು ಮತ್ತು ಆರನೆಯ ತಿಂಗಳು. ನೇಮಕಗೊಂಡವರ ಕೆಲಸಕ್ಕೆ ಮೇಲ್ವಿಚಾರಕರು ಆಗ ಕೊಡುವ ಅಂಕವನ್ನು ಅಲ್ಲಿ ತುಂಬಬೇಕು. ಬಿನ್ ಕಾರ್ಡಿನ ಬಾಕಿಗೂ ಕಪಾಟಿನ ಸಾಮಗ್ರಿಗೂ ಎಷ್ಟು ವ್ಯತ್ಯಾಸ, ಜಾಬ್ ವರ್ಕ್ ರಿಜಿಸ್ಟರಿನಲ್ಲಿ ವರ್ಷ ಸಮೀಪಿಸುತ್ತಿರುವ ಚಲನ್ ಎಷ್ಟು ಎಂಬ ಎರಡು ಪ್ರಶ್ನೆಗಳು ಅದಕ್ಕೆ ಸಾಕು. ಆ ಹೊತ್ತಿಗೆ ವಿದ್ಯಾರ್ಥಿನಿ ಘಟಕದಲ್ಲಿ ಇರುವುದಿಲ್ಲ. ಅಂಕಣಗಳನ್ನು ತುಂಬುವ ದಿನಾಂಕವನ್ನು ಮಾಲೀಕರು ತಮ್ಮ ದಿನಚರಿಯಲ್ಲಿ, ತೆರಿಗೆ ವಿವರ ಸಲ್ಲಿಸುವ ದಿನಾಂಕಗಳ ಜೊತೆಯಲ್ಲಿಯೇ ಬರೆದಿಟ್ಟುಕೊಳ್ಳತಕ್ಕದ್ದು. ಮರುವರ್ಷ ಬರುವ ವಿದ್ಯಾರ್ಥಿಗೆ ಮೊದಲ ದಿನ ಓದಲು ಕೊಡಬೇಕಾದ ಕಡತ ಅದೇ.